ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮೊದಲು ಡಿಸ್ಕ್ ಬದಲಿಸಿ

ನಮ್ಮ ನೆಂಟರಲ್ಲಿ ಯಾರದ್ದಾದರೂ ಕಂಪ್ಯೂಟರ್ ನಿಧಾನವಾದರೆ ಫೋನ್ ಬರುವುದು ನನಗೇ. "ಆನ್ ಮಾಡಿ ಕಾಫಿ ಕುಡಿದು ಬಂದ್ರೂ ಚಕ್ರ ಸುತ್ತುತ್ತಾನೇ ಇರುತ್ತೆ, ಹೊಸದು ಯಾವುದು ತಗೊಳ್ಲಿ?" ಅಂತ ಕೇಳುತ್ತಾರೆ. ಹೊಸದು ಬೇಡ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕೋಣ ಅನ್ನುತ್ತೇನೆ. ಮಾಹಿತಿಯನ್ನು ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಇಡುವ ಡಿಸ್ಕ್ ಅದು. ಈಚೆಗೆ ಶಿವಮೊಗ್ಗದ ಚಿಕ್ಕಮ್ಮನ ಲ್ಯಾಪ್‌ಟಾಪ್‌ಗೂ ಇದನ್ನೇ ಮಾಡಿದ್ದು. 2015ರದ್ದು, ಐದನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಇಂಥ ಲ್ಯಾಪ್‌ಟಾಪ್ ನಿಮ್ಮ ಮನೆಯ ಬೀರುವಿನಲ್ಲೂ ಒಂದು ಇರಬಹುದು.

ಮೊದಲು ತೊಂದರೆ ಡಿಸ್ಕ್‌ನದ್ದೇ ಹೌದಾ ಅಂತ ನೋಡಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು, ಅಂದರೆ ಪ್ರೊಸೆಸರ್, ಹತ್ತಿಪ್ಪತ್ತು ಶೇಕಡಾದಲ್ಲಿ ಆರಾಮಾಗಿದ್ದು, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ಅನುಮಾನವೇ ಬೇಡ. ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡು. ಅದರ ಮೇಲೆ ಓದುವ ತಲೆ ಸರಿಯಾದ ಜಾಗಕ್ಕೆ ಸರಿಯಬೇಕು, ಮಾಹಿತಿ ಅದರ ಕೆಳಗೆ ಬರುವವರೆಗೆ ಕಾಯಬೇಕು. ವಿಂಡೋಸ್ ಶುರುವಾಗುವಾಗ ಅಲ್ಲಿ ಇಲ್ಲಿ ಚದುರಿರುವ ಸಾವಿರಾರು ಸಣ್ಣ ಫೈಲುಗಳನ್ನು ಓದುತ್ತದೆ, ಪ್ರತಿಯೊಂದಕ್ಕೂ ಈ ಕಾಯುವಿಕೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಒಂದು ಮಿಲಿಸೆಕೆಂಡಿನ ಸಣ್ಣ ಭಾಗದಲ್ಲಿ ಉತ್ತರ ಸಿಗುತ್ತದೆ. ಹಳೇ ಪ್ರೊಸೆಸರ್ ಇಷ್ಟು ದಿನ ಸುಮ್ನೆ ಡಿಸ್ಕ್‌ಗಾಗಿ ಕಾಯುತ್ತಾ ಕೂತಿತ್ತು, ಅಷ್ಟೇ.

ಇಂಥ ಲ್ಯಾಪ್‌ಟಾಪ್‌ಗಳಿಗೆ ಬೇಕಾದ್ದು 2.5 ಇಂಚಿನ, ಸಾಟಾ ಅನ್ನುವ ಕನೆಕ್ಟರ್ ಇರುವ ಎಸ್‌ಎಸ್‌ಡಿ. ಬರಹ, ನೆಟ್, ಬ್ಯಾಂಕ್ ಕೆಲಸಕ್ಕೆ 256 ಜಿಬಿ ಸಾಕು. ಫೋಟೋ ಜಾಸ್ತಿ ಇದ್ದರೆ 500 ತಗೊಳ್ಳಿ. ಬೆಂಗಳೂರಿನವರಾದರೆ ಎಸ್‌.ಪಿ. ರೋಡಿನಲ್ಲಿ ನಾಲ್ಕು ಅಂಗಡಿ ವಿಚಾರಿಸಿ, ಆದರೆ ಬಿಲ್ ಇಲ್ಲದೆ ಬರಬೇಡಿ. ಹೆಸರೇ ಕೇಳಿರದ ಕಂಪನಿಯದ್ದನ್ನು ಅಗ್ಗ ಅಂತ ತಗೊಳ್ಳುವುದು ನನಗೆ ಒಪ್ಪಿಗೆಯಿಲ್ಲ, ಡಿಸ್ಕ್ ಅಂದರೆ ನಿಮ್ಮ ಕಾಗದಪತ್ರ ಇಡುವ ಜಾಗ. ಮೂರು ವರ್ಷವಾದರೂ ವಾರಂಟಿ ಇರಲಿ. ಜೊತೆಗೆ ರ‍್ಯಾಮ್ 8 ಜಿಬಿ ಮಾಡಿಸಿದರೆ ಇನ್ನೂ ಚೆನ್ನ. ಚಿಕ್ಕಮ್ಮನ ಲ್ಯಾಪ್‌ಟಾಪ್ ಕಾಲದವಕ್ಕೆ ಡಿಡಿಆರ್3ಎಲ್ ಅನ್ನುವ ಬಗೆಯ ರ‍್ಯಾಮ್ ಬೇಕು, ಕೊನೆಯಲ್ಲಿ ಎಲ್ ಇರುವುದನ್ನೇ ಕೇಳಿ ತಗೊಳ್ಳಿ. ಅದು 1.35 ವೋಲ್ಟ್‌ನಲ್ಲಿ ಓಡುತ್ತದೆ. ಅದರ ನಂತರ ಬಂದ ಡಿಡಿಆರ್4 ಆ ಲ್ಯಾಪ್‌ಟಾಪ್‌ಗಳಲ್ಲಿ ಕೂರುವುದೇ ಇಲ್ಲ.

ಬಿಚ್ಚುವ ಮೊದಲು ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಶಿಫ್ಟ್ ಒತ್ತಿಹಿಡಿದೇ ಶಟ್‌ಡೌನ್ ಕ್ಲಿಕ್ ಮಾಡಿ, ಆಗ ವಿಂಡೋಸ್ ಅರೆನಿದ್ದೆಗೆ ಹೋಗದೆ ಪೂರ್ತಿ ಆಫ್ ಆಗುತ್ತದೆ. ಚಾರ್ಜರ್ ಕಿತ್ತು, ಹೊರಗಿನಿಂದ ತೆಗೆಯುವ ಬ್ಯಾಟರಿಯಾದರೆ ತೆಗೆದಿಡಿ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಅಲ್ಲೇ ನಿಲ್ಲಿಸಿ. ಅದು ಬ್ಯಾಟರಿ ಊದಿಕೊಂಡಿರುವ ಲಕ್ಷಣ. ಚುಚ್ಚಬೇಡಿ, ಒತ್ತಬೇಡಿ, ರಿಪೇರಿಯವರಿಗೆ ಕೊಡಿ.

ಸ್ಕ್ರೂಗಳ ವಿಷಯದಲ್ಲಿ ನಿಧಾನಿಸಿ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪ್‌ನ ತಳದ ಚಿತ್ರ ಗೀಚಿ, ಯಾವ ಮೂಲೆಯ ಸ್ಕ್ರೂ ಬಂತೋ ಅಲ್ಲೇ ಟೇಪ್ ಹಾಕಿ ಅಂಟಿಸಿ. ಎಲ್ಲ ಒಂದೇ ಥರ ಕಂಡರೂ ಉದ್ದ ಬೇರೆ ಬೇರೆ ಇರುತ್ತದೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದರೆ ಅದು ಇನ್ನೊಂದು ಬದಿಯಿಂದ ತೂತು ಮಾಡಿಕೊಂಡು ಬರಬಹುದು. ಎಲ್ಲ ಬಿಚ್ಚಿದ ಮೇಲೂ ಮುಚ್ಚಳ ಅಲ್ಲಾಡದಿದ್ದರೆ ರಬ್ಬರ್ ಪಾದಗಳ ಕೆಳಗೆ ನೋಡಿ, ಡಿವಿಡಿ ಡ್ರೈವ್ ಹೊರಗೆಳೆದು ಆ ಖಾಲಿ ಜಾಗದಲ್ಲೂ ನೋಡಿ. ಅಲ್ಲೇ ಒಂದೆರಡು ಅಡಗಿರುತ್ತವೆ. ಆಮೇಲೆ ಹಳೇ ಪ್ಲಾಸ್ಟಿಕ್ ಕಾರ್ಡನ್ನು ಅಂಚಿನ ಸಂದಿಗೆ ತೂರಿಸಿ ಮೆಲ್ಲಗೆ ಸರಿಸುತ್ತಾ ಹೋಗಿ. ಟಕ್ ಟಕ್ ಅಂತ ಕ್ಲಿಪ್‌ಗಳು ಬಿಡುತ್ತವೆ. ಆ ಸದ್ದಿಗೆ ಹೆದರಬೇಡಿ. ಆದರೆ ಮುಚ್ಚಳವನ್ನು ಒಮ್ಮೆಗೇ ಎಳೆಯಬೇಡಿ, ಒಳಗೆ ಕಾಗದದಷ್ಟು ತೆಳ್ಳಗಿನ ಕೇಬಲ್ ಅಂಟಿಕೊಂಡಿರಬಹುದು. ಬ್ಯಾಟರಿ ಒಳಗೇ ಇರುವ ಮಾಡೆಲ್ ಆದರೆ, ಮುಚ್ಚಳ ಬಿಚ್ಚಿದ ತಕ್ಷಣ ಮೊದಲು ಅದರ ಕನೆಕ್ಟರ್ ಬಿಡಿಸಿ.

ಡಿಸ್ಕ್ ಬದಲಿಸುವುದು ಇದಕ್ಕಿಂತ ಸುಲಭ. ಹಳೆಯದನ್ನು ಎತ್ತಬೇಡಿ, ಕನೆಕ್ಟರ್‌ನಿಂದ ಹಿಂದಕ್ಕೆ ಜಾರಿಸಿ. ಪಕ್ಕದ ಲೋಹದ ಪಟ್ಟಿಯನ್ನು ಬಿಚ್ಚಿ ಎಸ್‌ಎಸ್‌ಡಿಗೆ ಹಾಕಿ, ಅದೇ ಜಾಗಕ್ಕೆ ಜಾರಿಸಿ. ಸರಿಯಾಗಿ ಕೂತರೆ ಒತ್ತಡ ಹಾಕುವ ಅಗತ್ಯವೇ ಬರುವುದಿಲ್ಲ.

ಹೊಸ ಡಿಸ್ಕ್ ಖಾಲಿ. ಈಗ ಅದರೊಳಗೆ ಯಾವ ಆಪರೇಟಿಂಗ್ ಸಿಸ್ಟಂ ಹಾಕುವುದು? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರಿಗೆಂದು ಕೊಟ್ಟ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ 2026ರ ಅಕ್ಟೋಬರ್ 13ರವರೆಗೆ. ಇಷ್ಟು ಹಳೇ ಇಂಟೆಲ್ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಅಡ್ಡದಾರಿಯಲ್ಲಿ ಹಾಕಬಹುದು ನಿಜ, ಆದರೆ ದೂರದ ಊರಿನಲ್ಲಿರುವ ಹಿರಿಯರ ಕಂಪ್ಯೂಟರ್‌ಗೆ ನಾನು ಹಾಗೆ ಮಾಡುವುದಿಲ್ಲ. ಮುಂದೆ ಯಾವುದೋ ಅಪ್‌ಡೇಟ್ ಕೈಕೊಟ್ಟರೆ ಅವರು ಏನು ಮಾಡಬೇಕು? ವಿಂಡೋಸ್ ಬದಲು ನಾನು ಹಾಕುವುದು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಂ. ಉಚಿತ, ಕೆಳಗಡೆ ಮೆನು ಇರುವುದರಿಂದ ವಿಂಡೋಸ್ ಕಂಡವರಿಗೆ ಹೊಸದೆನಿಸುವುದಿಲ್ಲ.

ಬೇರೆ ಕಂಪ್ಯೂಟರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ತಂತ್ರಾಂಶದಿಂದ ಮಿಂಟ್ ಬರೆದು, ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ, ಯಾವುದರಿಂದ ಶುರುವಾಗಬೇಕು ಅಂತ ಕೇಳುವ ಆ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಡೆಲ್, ಲೆನೊವೊಗಳಲ್ಲಿ ಬಹುಪಾಲು ಎಫ್12, ಎಚ್‌ಪಿಯಲ್ಲಿ ಎಫ್9. ತಕ್ಷಣ ಇನ್‌ಸ್ಟಾಲ್ ಮಾಡಬೇಡಿ. ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸೌಂಡ್, ಕ್ಯಾಮೆರಾ, ಪ್ರಿಂಟರ್ ಎಲ್ಲ ನೋಡಿ. ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರು, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಹಾಕಿ ಕೆಲಸ ಮಾಡುವವರು ವಿಂಡೋಸ್‌ನಲ್ಲೇ ಇರುವುದು ಒಳ್ಳೆಯದು. ಅವರಿಗೂ ಎಸ್‌ಎಸ್‌ಡಿಯ ವೇಗ ಸಿಗುತ್ತದಲ್ವಾ.

ಚಿಕ್ಕಮ್ಮನ ಚಿಂತೆ ಬೇರೆ ಇತ್ತು. ಭಜನಾ ಮಂಡಳಿಯ ಹಾಡುಗಳನ್ನೆಲ್ಲ ವರ್ಷಗಟ್ಟಲೆ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. "ನನ್ನ ಬೆರಳಿಗೆ ಬೇರೆ ಕೀಬೋರ್ಡ್ ಬರಲ್ಲ ಕಣೋ" ಅಂದರು. ಬರಬೇಕಾಗಿಯೂ ಇಲ್ಲ. ಮಿಂಟ್‌ನ ಇನ್‌ಪುಟ್ ಮೆಥಡ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಲು ನೆರವಾಗುವ ಐಬಸ್ ಆರಿಸಿ, ಕೀಬೋರ್ಡ್ ವಿನ್ಯಾಸಗಳಿರುವ ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಸೇರಿಸಿ. ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ನಾವು ಬಳಸುವ ಅದೇ ವಿನ್ಯಾಸ. ಕ್ಕ ಬರೆಯಲು ಕೆ, ಎಫ್, ಕೆ. ಒತ್ತಕ್ಷರಕ್ಕೆ ಎಫ್ ಒತ್ತುವ ಅಭ್ಯಾಸ ಹಾಗೇ ನಡೆಯುತ್ತದೆ.

ಹಳೇ ಕಡತಗಳಿಗೆ ಮಾತ್ರ ಒಂದು ಕೆಲಸ ಬಾಕಿ ಇರುತ್ತದೆ. ಹಳೇ ನುಡಿ ಫಾಂಟ್‌ನಲ್ಲಿರುವ ಬರಹ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಎಲ್ಲ ಕಂಪ್ಯೂಟರ್‌ಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ನೆಟ್‌ನಲ್ಲಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ. ಕಡತದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕಕ್ಕೆ ಅದು ಗೊತ್ತಾಗುವುದಿಲ್ಲ, ಅವನ್ನೂ ಕನ್ನಡ ಅಕ್ಷರ ಮಾಡಿಬಿಡುತ್ತದೆ. ಅವನ್ನು ಕೈಯಲ್ಲೇ ತಿದ್ದಬೇಕು. ಮೂಲ ಕಡತವನ್ನು ಯಾವತ್ತೂ ಅಳಿಸಬೇಡಿ.

ತೆಗೆದ ಹಾರ್ಡ್ ಡಿಸ್ಕ್ ಅನ್ನು ಒಂದೆರಡು ತಿಂಗಳು ಹಾಗೇ ಎತ್ತಿಡಿ. ಏನಾದರೂ ಬಿಟ್ಟುಹೋಗಿದ್ದರೆ ಅದರಲ್ಲೇ ಸಿಗಬೇಕು. ಆಮೇಲೆ ಯುಎಸ್‌ಬಿ ಕೇಸ್‌ಗೆ ಹಾಕಿ ಬ್ಯಾಕಪ್‌ಗೆ ಬಳಸಬಹುದು, ಆದರೆ ಮೊದಲು ಮಿಂಟ್‌ನ ಡಿಸ್ಕ್ಸ್ ಆ್ಯಪ್‌ನಲ್ಲಿ ಡಿಸ್ಕ್‌ನ ಆರೋಗ್ಯ ತೋರಿಸುವ ಸ್ಮಾರ್ಟ್ (SMART) ಮಾಹಿತಿ ತೆರೆದು, ಕೆಟ್ಟುಹೋದ ಜಾಗಗಳ ಲೆಕ್ಕ ಹೇಳುವ ರೀಅಲೊಕೇಟೆಡ್ ಸೆಕ್ಟರ್ ಸಾಲು ನೋಡಿ. ಆ ಸಂಖ್ಯೆ ಸೊನ್ನೆಯಲ್ಲದೆ ಏರುತ್ತಾ ಇದ್ದರೆ, ಮದುವೆ ಫೋಟೋಗಳ ಒಂದೇ ಪ್ರತಿಯನ್ನು ಅದರಲ್ಲಿ ಇಡಬೇಡಿ.