ಅಂಕಗಣಿತ ಪ್ರಗತಿ ಅಂದ್ರೇನ್ರಿ ಸರ?

ಸಿಂಧನೂರಿನಲ್ಲಿ ಹನ್ನೊಂದು ವರ್ಷದಿಂದ ಸಂಜೆ ಟ್ಯೂಷನ್ ನಡೆಸುತ್ತಿದ್ದೇನೆ. ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮ, ಗಣಿತ ಮತ್ತು ವಿಜ್ಞಾನ. ಹೋದ ವರ್ಷ ಮಕ್ಕಳ ಕೈಗೆ ನಾನೇ ಎಐ (ಪ್ರಶ್ನೆ ಕೇಳಿದರೆ ಫೋನಿನಲ್ಲೇ ಉತ್ತರ ಬರೆದುಕೊಡುವ ತಂತ್ರಾಂಶ) ಕೊಟ್ಟಾಗ ಜೊತೆಯ ಮೇಷ್ಟ್ರುಗಳು ನಕ್ಕರು. "ಕಾಪಿ ಹೊಡಿಯೋದನ್ನ ನೀವ ಕಲಸ್ತೀರೇನ್ರಿ?" ಅಂತ ಒಬ್ಬರು ಚಹಾದಂಗಡಿಯಲ್ಲಿ ನಾಲ್ಕು ಜನರ ಮುಂದೆ ಕೇಳಿದರು. ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂದ ಮೇಲೆ ಅವರೇ ಫೋನ್ ಮಾಡಿ "ಏನ್ ಮಾಡಿದ್ರಿ, ಹೇಳ್ರಿ" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಮೊದಲ ಮೂರು ತಿಂಗಳು ಬರೀ ಸೋಲು. ಸಮಾಂತರ ಶ್ರೇಢಿಯ ಮೇಲೆ ಮನೆಗೆಲಸ ಕೊಟ್ಟಿದ್ದೆ. ಮೂವತ್ತನಾಲ್ಕು ನೋಟ್‌ಬುಕ್‌ಗಳಲ್ಲಿ ಎಂಟೋ ಒಂಬತ್ತೋ ಒಂದೇ ಥರ ಇದ್ದವು. ಎಲ್ಲದರ ಮೇಲೂ ದಪ್ಪಗೆ "ಅಂಕಗಣಿತ ಪ್ರಗತಿ" ಅಂತ ತಲೆಬರಹ. ಫೋನ್ ಇಲ್ಲದ ಹುಡುಗಿಯೊಬ್ಬಳು ಪಕ್ಕದವಳ ನೋಟ್‌ಬುಕ್ ನೋಡಿ ಎದ್ದು ನಿಂತು ಕೇಳಿದಳು: "ಅಂಕಗಣಿತ ಪ್ರಗತಿ ಅಂದ್ರೇನ್ರಿ ಸರ?" ಬರೆದವರಿಗೂ ಗೊತ್ತಿರಲಿಲ್ಲ. ಸಮಾಂತರ ಶ್ರೇಢಿಯ ಇಂಗ್ಲಿಷ್ ಹೆಸರಾದ "ಅರಿತ್‌ಮೆಟಿಕ್ ಪ್ರೊಗ್ರೆಷನ್" ಅನ್ನು ಎಐ ಪದಕ್ಕೆ ಪದ ತಿರುಗಿಸಿ ಇಟ್ಟಿತ್ತು. ಮುಂದಿನ ವಾರ ವರ್ಗ ಸಮೀಕರಣ "ಚತುರ್ಭುಜ ಸಮೀಕರಣ" ಆಗಿ ಬಂತು. ವಿಜ್ಞಾನದಲ್ಲಿ ಸಂಗಮದೂರ ಹೋಗಿ "ಫೋಕಲ್ ಉದ್ದ" ಆಯಿತು. ಲೆಕ್ಕ ಮಾತ್ರ ಬಹುತೇಕ ಸರಿ ಇತ್ತು, ಅದೇ ತೊಂದರೆ. ತಪ್ಪಿದ್ದರೆ ಮಕ್ಕಳೇ ಬಿಟ್ಟುಬಿಡುತ್ತಿದ್ದರು. ಈಗ ರಾತ್ರಿಯೆಲ್ಲ ಒಂದು ಹೆಸರಿನಲ್ಲಿ ಓದಿ, ಪರೀಕ್ಷೆಯಲ್ಲಿ ಇನ್ನೊಂದು ಹೆಸರು ಕಂಡರೆ ಇದು ಓದದೇ ಇರೋ ಪಾಠ ಅಂತ ಪೆನ್ನು ಕೆಳಗಿಡುತ್ತಾರೆ.

ಬಿಟ್ಟಿ ಸಿಗುವುದಕ್ಕೆ ಹೀಗಾಗುತ್ತಿದೆ ಅಂದುಕೊಂಡು ದುಡ್ಡು ಕಟ್ಟಿದೆ. ತಿಂಗಳಿಗೆ ಸುಮಾರು ಎರಡು ಸಾವಿರ, ಎರಡು ತಿಂಗಳು. ಮಾತು ನಯವಾಯಿತು, ಪದಗಳು ಅದರವೇ ಉಳಿದವು. ಎಂಟು ಮಕ್ಕಳ ತಿಂಗಳ ಫೀಸು ಹಾಗೇ ಹೋಯಿತು. ಮನೆಯಲ್ಲಿ ಇನ್ನೂ ಈ ಲೆಕ್ಕ ಹೇಳಿಲ್ಲ.

ಆಮೇಲೆ ಪಠ್ಯಪುಸ್ತಕದ ಪಿಡಿಎಫ್‌ನಿಂದ ಕಾಪಿ ಮಾಡಿ ಅಂಟಿಸಿ ನೋಡಿದೆ. ನನ್ನ ಹತ್ತಿರ ಇದ್ದದ್ದು ಯುನಿಕೋಡ್ (ಈಗ ಎಲ್ಲ ಫೋನು, ಕಂಪ್ಯೂಟರು ಓದುವ ಅಕ್ಷರ ಪದ್ಧತಿ) ಅಲ್ಲದ ಹಳೇ ಫಾಂಟಿನದು. ಅಂಟಿಸಿದರೆ ಕೊಂಬು ಬಾಲದ ಇಂಗ್ಲಿಷ್ ಅಕ್ಷರಗಳು. ತಮಾಷೆ ಅಂದರೆ ಎಐ ಅದನ್ನೂ ಓದಿದವರ ಹಾಗೆ ಉತ್ತರ ಕೊಟ್ಟಿತು! ಹಳೇ ಫಾಂಟನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕದಲ್ಲಿ ಹಾಕಿ ಸರಿಮಾಡುತ್ತಾ ಒಂದು ಭಾನುವಾರ ಕಳೆದೆ. ಒತ್ತಕ್ಷರಗಳು ಕೈಕೊಟ್ಟವು. ಬಿಟ್ಟೆ.

ಕೊನೆಗೆ ಕೆಲಸ ಮಾಡಿದ್ದು ಪುಸ್ತಕದ ಪುಟದ ಫೋಟೋ. ಹಗಲು ಬೆಳಕಿನಲ್ಲಿ ತೆಗೆಯಬೇಕು, ಟ್ಯೂಬ್‌ಲೈಟ್ ಕೆಳಗೆ ಕೈಯ ನೆರಳು ಬೀಳುತ್ತದೆ. ಒಂದು ಸಲಕ್ಕೆ ಎರಡೇ ಪುಟ. ಇಡೀ ಪಾಠ ಕೊಟ್ಟರೆ ಮತ್ತೆ ತನ್ನ ಪುರಾಣ ಶುರುಮಾಡುತ್ತದೆ. ಜೊತೆಗೆ ಪಠ್ಯಪುಸ್ತಕದ ನೂರಾ ಇಪ್ಪತ್ತರಷ್ಟು ಪದಗಳ ಒಂದು ಪಟ್ಟಿ. ಪುಟದಲ್ಲಿ ಮತ್ತು ಪಟ್ಟಿಯಲ್ಲಿ ಇರುವ ಪದವನ್ನೇ ಬಳಸಬೇಕು ಅಂತ ಮೊದಲೇ ಹೇಳಿಬಿಡುವುದು.

ಇಷ್ಟರಿಂದ ಭಾಷೆ ಸರಿಹೋಯಿತು, ಕಾಪಿ ನಿಲ್ಲಲಿಲ್ಲ. ಅದಕ್ಕೆ ಆಟವನ್ನೇ ತಿರುಗಿಸಿದೆ. ಮಗು ಮೊದಲು ಪುಸ್ತಕ ಮುಚ್ಚಿ ಹಾಳೆಯ ಮೇಲೆ ತನ್ನ ಉತ್ತರ ಬರೆಯಬೇಕು. ಆಮೇಲೆ ಫೋನ್. ಫೋನ್ ಉತ್ತರ ಹೇಳುವಂತಿಲ್ಲ, ಬರೀ ಪ್ರಶ್ನೆ ಕೇಳಬೇಕು. ಮೂರನೇ ಪ್ರಶ್ನೆಗೆ ಅದು ತಾಳ್ಮೆಗೆಟ್ಟು ಉತ್ತರ ಹೇಳಿಬಿಡುತ್ತದೆ. ಅದನ್ನು ತಡೆಯಲು ಎಐಗೆ ಬರೆಯುವ ನನ್ನದೊಂದು ಸಾಲು ಇದೆ, ಅದು ನನ್ನಲ್ಲೇ ಇರಲಿ.

ಇದಕ್ಕೆಲ್ಲ ಮೊದಲು ಮಕ್ಕಳ ಭಯ ಬಿಡಿಸಬೇಕಿತ್ತು. ಫೋನ್ ಹೇಳಿದ್ದು ತಪ್ಪಿರಬಹುದು ಅಂತ ಅವರಿಗೆ ಅನ್ನಿಸುತ್ತಲೇ ಇರಲಿಲ್ಲ. ಅದಕ್ಕೆ ನಮ್ಮ ರಾಯಚೂರು ಜಿಲ್ಲೆಯದೇ ಆದ ಮಸ್ಕಿ ಶಾಸನದ ಬಗ್ಗೆ ಮಕ್ಕಳಿಂದ ಎಐಗೆ ಕೇಳಿಸಿದೆ. ಅಶೋಕನ ಹೆಸರನ್ನೇ ಹೇಳುವ ಶಾಸನ, 1915ರಲ್ಲಿ ಬಂಗಾರ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು. ಬಸ್ ಹತ್ತಿದರೆ ಗಂಟೆಯೊಳಗೆ ಆ ಬೆಟ್ಟದ ಕೆಳಗಿರುತ್ತೇವೆ. ಎಐ ಮಸ್ಕಿಯನ್ನು ಬಳ್ಳಾರಿ ಜಿಲ್ಲೆಗೆ ಹಾಕಿತು, ಇಸವಿಯನ್ನೂ ತಪ್ಪು ಹೇಳಿತು. ಮಸ್ಕಿಯಲ್ಲಿ ಅಜ್ಜಿ ಮನೆ ಇರುವ ಹುಡುಗ ಕೂಗಿದ: "ಸರ, ಇದು ಸುಳ್ಳ ಹೇಳಾಕತ್ತೈತ್ರಿ!" ಅವತ್ತಿನಿಂದ ನಿಯಮ ಮಾಡಿದೆ. ಎಐನ ತಪ್ಪು ಹಿಡಿದು ಪುಸ್ತಕದಲ್ಲಿ ತೋರಿಸಿದವರಿಗೆ ಒಂದು ಪ್ಲೇಟ್ ಮಿರ್ಚಿ ಒಗ್ಗರಣೆ. ತಿಂಗಳಿಗೆ ಏಳೆಂಟು ನೂರು ಅದಕ್ಕೇ ಹೋಗಿದೆ. ಖರ್ಚು ಮಾಡಿದ್ದರಲ್ಲಿ ಪೂರ್ತಿ ವಸೂಲಾದದ್ದು ಇದೊಂದೇ.

ಫೋನಿನ ಕಷ್ಟ ನಿಮಗೆ ಗೊತ್ತೇ ಇದೆ. ಅಪ್ಪ ಗದ್ದೆಯಿಂದ ಎಂಟಕ್ಕೆ ಬರುತ್ತಾನೆ, ಅಷ್ಟರಲ್ಲಿ ಡೇಟಾ ಖಾಲಿ. ಕೆಲವು ಎಐಗಳ ಬಿಟ್ಟಿ ಬಳಕೆಯ ಮಿತಿಯೂ ಕನ್ನಡದಲ್ಲಿ ಬೇಗ ಮುಗಿಯುತ್ತದೆ, ನಮ್ಮ ಅಕ್ಷರಗಳನ್ನು ಅದು ಇಂಗ್ಲಿಷಿಗಿಂತ ಜಾಸ್ತಿ ಚೂರು ಮಾಡಿ ಎಣಿಸುತ್ತದೆ. ನಾನು ಎರಡು ಹಳೇ ಫೋನ್ ಕೊಂಡೆ, ಎರಡೂ ಸೇರಿ ಒಂಬತ್ತು ಸಾವಿರದ ಆಸುಪಾಸು. ನಾಲ್ವರಿಗೆ ಒಂದು ಫೋನ್, ಹದಿನೈದು ನಿಮಿಷ. ಜಗಳವಾಡುತ್ತಾರೆ ಅಂದುಕೊಂಡಿದ್ದೆ. ಆಡಿದರು, ಆದರೆ ಉತ್ತರದ ಮೇಲೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಉತ್ತರಪತ್ರಿಕೆಯ ಒಂದೇ ಉತ್ತರದ ಫೋಟೋ ಮೂರು ಸಲ ಕೊಟ್ಟು ನಾಲ್ಕು ಅಂಕಕ್ಕೆ ಎಷ್ಟು ಅಂತ ಕೇಳಿದೆ. ಮೂರು, ನಾಲ್ಕು, ಎರಡೂವರೆ ಬಂತು. ಅಂಕ ಹಾಕಿಸುವ ಆಸೆ ಅಲ್ಲಿಗೇ ಮುಗಿಯಿತು. ಕ್ಯಾಂಪಿನ (ಆಂಧ್ರದಿಂದ ಬಂದ ರೈತರು ನೆಲೆಸಿದ ಊರು) ತೆಲುಗು ಮನೆಯ ಮಕ್ಕಳು ತೆಲುಗಿನಲ್ಲಿ ವಿವರಣೆ ಕೇಳಿ ಕನ್ನಡದಲ್ಲಿ ಬರೆದರು. ಅದು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ನಮ್ಮ ಹಳ್ಳಿ ಮಾತನ್ನು ಮೈಕಿನಲ್ಲಿ ಹೇಳಿದರೆ ಮಾತ್ರ ಅದಕ್ಕೆ ತಲೆಬುಡ ತಿಳಿಯುವುದಿಲ್ಲ.

ಅರ್ಧವಾರ್ಷಿಕದಲ್ಲಿ ವಿಜ್ಞಾನದ ಸರಾಸರಿ ಎಂಬತ್ತಕ್ಕೆ ಮೂವತ್ತೊಂದೋ ಮೂವತ್ತೆರಡೋ ಇತ್ತು. ಪೂರ್ವಸಿದ್ಧತೆಯಲ್ಲಿ ನಲವತ್ತಾರರ ಹತ್ತಿರ ಬಂತು. ಎಲ್ಲ ಎಐನಿಂದ ಅನ್ನುವುದಿಲ್ಲ. ಆದರೆ ಹಿಂದಿನ ಹತ್ತು ವರ್ಷದಲ್ಲಿ ನನ್ನ ಯಾವ ಬ್ಯಾಚೂ ಇಷ್ಟು ಏರಿರಲಿಲ್ಲ.

ಚಿತ್ರಗಳಲ್ಲಿ ಮಾತ್ರ ಇನ್ನೂ ಸೋಲುತ್ತಿದ್ದೇನೆ. ಹೃದಯದ ಚಿತ್ರ ಬರೆಸಿ ಕನ್ನಡದಲ್ಲಿ ಭಾಗ ಗುರುತಿಸು ಅಂದರೆ ಯಾವ ಲಿಪಿಯೋ ಗೊತ್ತಾಗದ ಅಕ್ಷರ ಹಾಕುತ್ತದೆ. "ಇದು ಮಸ್ಕಿ ಶಾಸನದ ಅಕ್ಷರ ಇರಬೇಕ್ರಿ ಸರ" ಅಂದ ಅದೇ ಹುಡುಗ. ಅವತ್ತೂ ಮಿರ್ಚಿ ಕೊಡಿಸಬೇಕಾಯಿತು. ಚಿತ್ರಕ್ಕೆ ಸದ್ಯ ಝೆರಾಕ್ಸ್ ಹಾಳೆ ಮತ್ತು ಪೆನ್ಸಿಲ್ಲೇ.