ಕಾದಂಬರಿಯಿಂದ ಬಂದ ಥ್ರಿಲ್ಲರ್: ನೋಡಿದವರ ಅಭಿಪ್ರಾಯ ಸಂಗ್ರಹಿಸುವುದು ಹೇಗೆ?

ಪಿಕ್ಚರ್ ಬಿಟ್ಟ ಮೇಲೆ ಬಾಗಿಲಲ್ಲಿ ನಿಂತು "ಹ್ಯಾಂಗಿತ್ರಿ?" ಎಂದು ಕೇಳಿದರೆ ವಿಜಯಪುರದಲ್ಲಿ ಸಿಗುವ ಉತ್ತರ ಎರಡೇ: "ಚೊಲೊ ಇತ್ರಿ", ಇಲ್ಲವೇ "ಅಡ್ಡಿಯಿಲ್ರಿ". ಕೇಳಿದವರ ಮನಸ್ಸು ನೋಯಬಾರದು ಎಂಬ ಸೌಜನ್ಯ ಅದು. ಕಾಲೇಜಿನ ಸಿನಿಮಾ ಕೂಟಕ್ಕೋ ಓದುಗರ ಬಳಗಕ್ಕೋ ನಿಜವಾದ ಅಭಿಪ್ರಾಯ ಬೇಕಿದ್ದರೆ ಕೇಳುವ ರೀತಿಯನ್ನೇ ಬದಲಿಸಬೇಕು. ಹೆಸರಾದ ಕಾದಂಬರಿ ಆಧರಿಸಿದ ಥ್ರಿಲ್ಲರ್ ಆದರಂತೂ ಇನ್ನೂ ಎಚ್ಚರ ಬೇಕು. ಅಪರಾಧಿ ಯಾರೆಂದು ಪುಸ್ತಕ ಓದಿ ತಿಳಿದವರು, ಏನೂ ತಿಳಿಯದವರು, ಇಬ್ಬರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಇಬ್ಬರ ಅಂಕ ಕೂಡಿಸಿ ಸರಾಸರಿ ತೆಗೆದರೆ ಆ ಅಂಕೆ ಯಾರದ್ದೂ ಆಗಿರುವುದಿಲ್ಲ. ಆದ್ದರಿಂದ ಇವರನ್ನು ಬೇರೆ ಮಾಡಿ ಕೇಳುವುದೇ ಇಡೀ ಕೆಲಸದ ಬುನಾದಿ.

ಉದಾಹರಣೆಗೆ 'ದಿ ಗರ್ಲ್ ಆನ್ ದ ಟ್ರೇನ್' ತೆಗೆದುಕೊಳ್ಳೋಣ. ಪೌಲಾ ಹಾಕಿನ್ಸ್ ಅವರ ಕಾದಂಬರಿ ಬಂದದ್ದು 2015ರಲ್ಲಿ, ಟೇಟ್ ಟೇಲರ್ ನಿರ್ದೇಶನದ ಚಿತ್ರ 2016ರಲ್ಲಿ. ಕಾದಂಬರಿ ನಡೆಯುವುದು ಲಂಡನ್ ಸುತ್ತಮುತ್ತ, ಚಿತ್ರ ನ್ಯೂಯಾರ್ಕ್ ಕಡೆಗೆ ಹೋಯಿತು. ಎರಡರ ನಡುವೆ ಕೇಳಲು ಬೇಕಾದಷ್ಟಿರುವುದರಿಂದ ಅಭ್ಯಾಸಕ್ಕೆ ಒಳ್ಳೆಯ ಚಿತ್ರ. ಕೊನೆ ಏನೆಂದು ಇಲ್ಲಿ ಹೇಳುವುದಿಲ್ಲ.

ಮೊದಲು ಮಾಡಬೇಕಾದ್ದು

ಆರು ವಾರ ಮುಂಚೆ ಪ್ರಕಟಣೆ ಕೊಡಿ. ಪುಸ್ತಕದ ಎರಡು ಮೂರು ಪ್ರತಿ ಕೈಬದಲಾಗಲು ಅಷ್ಟು ಸಮಯ ಬೇಕು. ಎಲ್ಲರೂ ಓದಿಬರಲಿ ಎಂದು ಒತ್ತಾಯ ಮಾಡಬೇಡಿ, ಓದದವರು ಹೆಚ್ಚಿದ್ದಷ್ಟೂ ಅನುಕೂಲ.

ಅನುಮತಿಯ ವಿಷಯವನ್ನು ಹಗುರವಾಗಿ ತಗೊಳ್ಳಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗೆ ಒಂದು ವಿನಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪಾಲಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ನೋಡುವಂತೆ ಚಿತ್ರ ತೋರಿಸಬಹುದು. ಊರಿನವರನ್ನೆಲ್ಲ ಕರೆದು ರಂಗಮಂದಿರದಲ್ಲಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಬೇಕೇ ಬೇಕು, ಟಿಕೆಟ್ ಇಡದಿದ್ದರೂ ಬೇಕು. ಒಟಿಟಿಗೆ ಕಟ್ಟಿದ ತಿಂಗಳ ಚಂದಾ ಮನೆಯೊಳಗಿನ ನೋಟಕ್ಕಷ್ಟೇ. ಈ ಚಿತ್ರದಲ್ಲಿ ಹಿಂಸೆ, ಲೈಂಗಿಕ ದೃಶ್ಯಗಳಿವೆ. 18 ತುಂಬಿದವರನ್ನೇ ಕರೆಯಿರಿ, ಪಿಯುಸಿ ಮಕ್ಕಳನ್ನು ಕೂರಿಸಬೇಡಿ.

ಚಿತ್ರದ ಅವಧಿ 112 ನಿಮಿಷ. ಅಭಿಪ್ರಾಯ ಬರೆಯುವ ಚೀಟಿ, ಚಹಾ, ಚರ್ಚೆ ಸೇರಿದರೆ ಮೂರು ತಾಸು ದಾಟುತ್ತದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯವರಿಗೆ ಬಸ್ಸಿನ ಚಿಂತೆ ಹತ್ತಿದ ಮೇಲೆ ಬರುವ ಉತ್ತರಗಳೆಲ್ಲ ಒಂದೇ ಶಬ್ದದವು. ಭಾನುವಾರ ಮಧ್ಯಾಹ್ನ 4ಕ್ಕೆ ಶುರು ಮಾಡಿದರೆ 7.20ರ ಸುಮಾರಿಗೆ ಎಲ್ಲ ಮುಗಿಯುತ್ತದೆ. ಶುರುವಿನ ಹೊತ್ತಿಗೆ ಹೊರಗೆ ಬಿಸಿಲಿರುತ್ತದೆ, ಕಿಟಕಿಗಳಿಗೆ ಎರಡು ಪದರು ದಪ್ಪ ಬಟ್ಟೆ ಬೇಕು. ಈ ಚಿತ್ರದ ಎಷ್ಟೋ ದೃಶ್ಯ ಮಬ್ಬು ಬೆಳಕಿನವು. ತೆರೆ ಬೆಳ್ಳಗಾದರೆ "ಏನೂ ತಿಳೀಲಿಲ್ಲ" ಎಂಬ ಉತ್ತರ ಬರುತ್ತದೆ, ಅದನ್ನು ನೀವು ನಿರ್ದೇಶಕನ ಲೆಕ್ಕಕ್ಕೆ ಬರೆಯುತ್ತೀರಿ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್ ಮೂರೂ ಯುಪಿಎಸ್ ಮೇಲಿರಲಿ. ಸಸ್ಪೆನ್ಸಿನ ನಡುವೆ ಕರೆಂಟ್ ಹೋದರೆ ಆ ಹತ್ತು ನಿಮಿಷದಲ್ಲಿ ಜನ ಮಾತಾಡಿಕೊಂಡು ಬಿಡುತ್ತಾರೆ, ಅಲ್ಲಿಗೆ ಓದದವರ ಗುಂಪು ಕೆಟ್ಟಂತೆ.

ತಡವಾಗಿ ಬಂದವರನ್ನು ಒಳಗೆ ಬಿಡಬೇಡಿ. 1960ರಲ್ಲಿ ನಿರ್ದೇಶಕ ಹಿಚ್‌ಕಾಕ್ ತಮ್ಮ 'ಸೈಕೋ' ಚಿತ್ರಕ್ಕೆ ಇದೇ ನಿಯಮ ಹಾಕಿಸಿದ್ದರು. ನಮ್ಮಲ್ಲಿ ಹಿರಿಯರು ಬಂದು ನಿಂತರೆ ಇಲ್ಲ ಅನ್ನುವುದು ಕಷ್ಟ. ಅಂಥವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಚೀಟಿ ಮಾತ್ರ ಕೊಡಬೇಡಿ.

ಮೂರು ಬಣ್ಣದ ಚೀಟಿ

ಎ4 ಹಾಳೆಯನ್ನು ನಾಲ್ಕಾಗಿ ಕತ್ತರಿಸಿದರೆ ಒಂದೊಂದು ತುಂಡೂ ಒಂದು ಚೀಟಿ. ಇಬ್ಬದಿಯೂ ಅಚ್ಚು ಮಾಡಿಸಿ: ಮುಂದಿನ ಬದಿ ಇಂಟರ್‌ವಲ್‌ಗೆ, ಹಿಂದಿನ ಬದಿ ಕೊನೆಗೆ. ಮುಂದಿನ ಬದಿಯ ಮೂಲೆಯಲ್ಲಿ ಒಂದು ಕ್ರಮಸಂಖ್ಯೆ ಇರಲಿ. ಹೆಸರು ಬೇಡ, ವಯಸ್ಸಿನ ಗುಂಪು ಮತ್ತು ಗಂಡು, ಹೆಣ್ಣು ಸಾಕು.

ಪುಸ್ತಕ ಪೂರ್ತಿ ಓದಿದವರಿಗೆ ಹಳದಿ, ಏನೂ ಗೊತ್ತಿಲ್ಲದವರಿಗೆ ಬಿಳಿ. ಎಲ್ಲರೂ ಮರೆಯುವುದು ಮೂರನೆಯ ಗುಂಪು: ಅರ್ಧ ಓದಿ ಬಿಟ್ಟವರು, ಗೆಳತಿಯ ಬಾಯಿಂದ ಕೊನೆ ಕೇಳಿದವರು, ಹಿಂದಿ ಚಿತ್ರ ನೋಡಿದವರು. ಇವರಿಗೆ ಗುಲಾಬಿ. 2021ರಲ್ಲಿ ಇದೇ ಹೆಸರಿನಿಂದ ಬಂದ ಹಿಂದಿ ಚಿತ್ರದ ಕೊನೆ ಬೇರೆ. ಅದನ್ನು ನೋಡಿಬಂದವರು ನನಗೆಲ್ಲ ಗೊತ್ತು ಎಂಬ ಧೈರ್ಯದಲ್ಲಿ ತಪ್ಪು ವ್ಯಕ್ತಿಯ ಬೆನ್ನು ಹತ್ತಿರುತ್ತಾರೆ. ಅವರನ್ನು ಬಿಳಿ ಗುಂಪಿಗೆ ಸೇರಿಸಿದರೆ ಊಹೆಯ ಲೆಕ್ಕವೆಲ್ಲ ಅಡ್ಡಾದಿಡ್ಡಿ ಆಗುತ್ತದೆ.

ಬಣ್ಣ ಹಂಚುವಾಗ "ಓದೀರೇನು?" ಎಂದು ಎಲ್ಲರೆದುರು ಕೇಳಬೇಡಿ. ಪ್ರಾಧ್ಯಾಪಕರ ಮುಂದೆ ಓದಿಲ್ಲ ಅನ್ನಲು ವಿದ್ಯಾರ್ಥಿಗಳು ನಾಚುತ್ತಾರೆ. ಮೂರು ಬಣ್ಣದ ಕಟ್ಟುಗಳನ್ನು ಮೇಜಿನ ಮೇಲಿಟ್ಟು, ಯಾವುದು ಯಾರಿಗೆಂದು ಬರೆದು ಅಂಟಿಸಿ, ತಾವೇ ಎತ್ತಿಕೊಳ್ಳಲಿ.

ಪಾತ್ರಗಳ ಹೆಸರಿನ ತೊಡಕನ್ನು ಮೊದಲೇ ಬಿಡಿಸಿಡಬೇಕು. ರೇಚಲ್, ಟಾಮ್, ಆನಾ, ಮೇಗನ್, ಸ್ಕಾಟ್, ಡಾಕ್ಟರ್ ಕಮಲ್: ಇಷ್ಟನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ತೆರೆಯ ಪಕ್ಕ ತೂಗುಹಾಕಿ. ಆನಾ, ಮೇಗನ್ ಇಬ್ಬರಿಗೂ ಹೊಂಬಣ್ಣದ ಕೂದಲು. ಮೊದಲ ಅರ್ಧ ತಾಸು ಯಾರು ಯಾರೆಂದು ನಮ್ಮ ಪ್ರೇಕ್ಷಕರು ಒದ್ದಾಡುವುದು ಸಹಜ. ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಮಾತ್ರ ಬರೆಯಬೇಡಿ, ಆ ಸಂಬಂಧಗಳಲ್ಲೇ ಗುಟ್ಟಿದೆ.

ಇಂಟರ್‌ವಲ್‌ನ ಐದು ನಿಮಿಷ

ಇಂಗ್ಲಿಷ್ ಚಿತ್ರದಲ್ಲಿ ಇಂಟರ್‌ವಲ್ ಎಂದು ಬಿಡುವ ಜಾಗ ಇರುವುದಿಲ್ಲ, ನೀವೇ ಗೊತ್ತುಮಾಡಬೇಕು. ಚಿತ್ರವನ್ನು ಮೊದಲೇ ನೋಡಿ, ಮೇಗನ್ ಕಾಣೆಯಾದ ಸುದ್ದಿ ಬಂದು ನಾಲ್ಕೈದು ಜನರ ಮೇಲೆ ಅನುಮಾನ ಹರಡಿದ ಮೇಲೆ, 55ರಿಂದ 60ನೇ ನಿಮಿಷದ ನಡುವೆ, ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ಕ್ಷಣವನ್ನು ಗುರುತು ಹಾಕಿಕೊಳ್ಳಿ. ಮಾತಿನ ನಡುವೆ ನಿಲ್ಲಿಸಿದರೆ ಆ ಪಾತ್ರದ ಮೇಲೆಯೇ ಎಲ್ಲರ ಅನುಮಾನ ಬೀಳುತ್ತದೆ.

ನಿಲ್ಲಿಸಿದೊಡನೆ ಚಹಾ ಕೊಡಬೇಡಿ. ಪಕ್ಕದ ದೀಪ ಮಾತ್ರ ಹಚ್ಚಿ, ಎಲ್ಲರೂ ಕೂತಲ್ಲೇ ಚೀಟಿಯ ಮುಂದಿನ ಬದಿ ತುಂಬಲಿ: ಯಾರ ಮೇಲೆ ಅನುಮಾನ (ಆರೂ ಹೆಸರು ಅಚ್ಚಾಗಿರಲಿ, ಜೊತೆಗೆ "ಇವರಾರೂ ಅಲ್ಲ"), ಎಷ್ಟು ಖಾತ್ರಿ (1ರಿಂದ 4), ಸಬ್‌ಟೈಟಲ್ ಓದಲು ಸಮಯ ಸಿಗುತ್ತಿದೆಯೇ. ಹಳದಿಯವರು ಊಹೆಯ ಜಾಗ ಖಾಲಿ ಬಿಟ್ಟು, ಇಲ್ಲಿಯವರೆಗೆ ಪುಸ್ತಕದಿಂದ ಬದಲಾದದ್ದು ಏನೆಂದು ಒಂದು ಸಾಲು ಬರೆಯಲಿ. ಐದು ನಿಮಿಷ ಸಾಕು. ಬರೆದದ್ದನ್ನು ಆಮೇಲೆ ತಿದ್ದುವುದಿಲ್ಲ ಎಂದು ಮೊದಲೇ ಹೇಳಿಡಿ, ಪೆನ್ಸಿಲ್ ಬದಲು ಪೆನ್ ಕೊಡಿ. ಚಹಾದ ಲೋಟ ಹಿಡಿದ ಮೇಲೆ "ಅವನ ಇರಬೇಕಲೇ" ಎಂದು ಒಬ್ಬ ಅಂದರೆ ಸಾಕು, ಮುಂದಿನ ಹತ್ತು ಚೀಟಿಯಲ್ಲಿ ಅವನ ಹೆಸರೇ ಬರುತ್ತದೆ.

ಸಬ್‌ಟೈಟಲ್ ಪ್ರಶ್ನೆಯನ್ನು ಬಿಡಲೇಬಾರದು. ಚಿತ್ರ ಹಿಂದೆ ಮುಂದೆ ಹಾರುತ್ತದೆ. ಇಂಗ್ಲಿಷ್ ಸಾಲು ಓದುವುದರೊಳಗೆ ಮುಖ ತಪ್ಪಿಹೋದವರು "ಗೊಂದಲ" ಎಂದು ಬರೆಯುತ್ತಾರೆ, ಕಥೆಯ ಕಟ್ಟೋಣ ಹಿಡಿಸದವರೂ "ಗೊಂದಲ" ಎಂದೇ ಬರೆಯುತ್ತಾರೆ. ಯಾವುದು ಯಾವುದೆಂದು ಬೇರೆ ಮಾಡಿಕೊಡುವುದು ಆ ಒಂದು ಉತ್ತರ.

ಕೊನೆಯ ಬದಿಯ ಪ್ರಶ್ನೆಗಳು

ಹೆಸರುಗಳ ಪಟ್ಟಿ ತೆರೆಯ ಮೇಲೆ ಓಡಲು ಹತ್ತಿದ ಕೂಡಲೇ ದೀಪ ಹಚ್ಚಿ, ಯಾರೂ ಏಳುವ ಮುಂಚೆ ಚೀಟಿ ತಿರುವಲು ಹೇಳಿ.

1. ನಿಮಗೆ ಸುಳಿವು ಹತ್ತಿದ್ದು ಯಾವಾಗ: ಇಂಟರ್‌ವಲ್ ಮುಂಚೆ, ಆಮೇಲೆ, ಅವರೇ ತೋರಿಸಿದಾಗ, ಮೊದಲೇ ಗೊತ್ತಿತ್ತು.
2. ನೆನಪಿನಲ್ಲಿ ಉಳಿದ ಒಂದು ದೃಶ್ಯ.
3. ಮೋಸ ಮಾಡಿದರು ಅನಿಸಿದ ಜಾಗ ಇದ್ದರೆ ಅದು ಯಾವುದು.
4. ಈ ಪಿಕ್ಚರ್ ನೋಡು ಎಂದು ಯಾರಿಗೆ ಹೇಳುತ್ತೀರಿ: ಅಕ್ಕತಂಗಿಗೆ, ಗೆಳೆಯರಿಗೆ, ಗಂಡನಿಗೆ ಅಥವಾ ಹೆಂಡತಿಗೆ, ಯಾರಿಗೂ ಇಲ್ಲ.
5. ದರ್ಜೆ: ಬಹಳ ಹಿಡಿಸಿತು, ಹಿಡಿಸಿತು, ಅಷ್ಟು ಹಿಡಿಸಲಿಲ್ಲ, ಹಿಡಿಸಲೇ ಇಲ್ಲ.

ದರ್ಜೆ ನಾಲ್ಕೇ ಇರಲಿ. ಐದಿಟ್ಟರೆ ನಡುವಿನ ಮನೆಗೆ ಅರ್ಧಕ್ಕರ್ಧ ಜನ ಹೋಗಿ ಕೂಡುತ್ತಾರೆ. "ಕಥೆ ಮತ್ತು ನಟನೆ ಹೇಗಿದ್ದವು" ಎಂಬ ಜೋಡಿ ಪ್ರಶ್ನೆ ಬೇಡ, ರೇಚಲ್ ಆಗಿ ಎಮಿಲಿ ಬ್ಲಂಟ್ ನಟನೆ ಮೆಚ್ಚಿ ಕಥೆಗೆ ಬೇಸರಪಟ್ಟವರು ಅದಕ್ಕೆ ಏನು ಬರೆಯಬೇಕು? "ಕಾದಂಬರಿಯಷ್ಟು ಚೆನ್ನಾಗಿಲ್ಲ ಅನಿಸಿತೇ" ಎಂದರೆ ಉತ್ತರವನ್ನು ನೀವೇ ಬಾಯಿಗೆ ಇಟ್ಟಂತೆ. ಚೀಟಿ ಹಾಕಲು ಬಾಯಿ ಸಣ್ಣದಾದ ಡಬ್ಬಿ ಬಾಗಿಲಲ್ಲಿರಲಿ. ಪ್ರಾಚಾರ್ಯರೋ ಸಂಘಟಕರೋ ಕೈಯಾರೆ ಇಸಿದುಕೊಂಡರೆ ಎಲ್ಲರಿಗೂ ಪಿಕ್ಚರ್ ಬಹಳ ಹಿಡಿಸಿರುತ್ತದೆ.

ದರ್ಜೆಯೊಂದನ್ನೇ ನಂಬಿದರೆ ಸಿಗುವುದು ಕಡಿಮೆ. ಅಮೆರಿಕದ ಸಿನೆಮಾಸ್ಕೋರ್ ಸಂಸ್ಥೆ ಬಿಡುಗಡೆಯ ಮೊದಲ ರಾತ್ರಿ ಥಿಯೇಟರಿಗೆ ಬಂದವರಿಂದ ದರ್ಜೆ ಸಂಗ್ರಹಿಸುತ್ತದೆ. ಈ ಚಿತ್ರಕ್ಕೆ ಅಲ್ಲಿ ಬಂದದ್ದು ಬಿ ಮೈನಸ್. ಮೊದಲ ರಾತ್ರಿ ಬರುವವರು ಆಸೆಯಿಂದ ಬಂದವರು, ಅವರೂ ಅಷ್ಟಕ್ಕೇ ನಿಂತರೆ ಎಲ್ಲೋ ಒಂದು ನಿರೀಕ್ಷೆ ಮುರಿದಿದೆ ಎಂದಷ್ಟೇ ಊಹಿಸಬಹುದು. ಎಲ್ಲಿ ಮುರಿಯಿತು ಎಂಬುದಕ್ಕೇ ಮೂರನೆಯ ಪ್ರಶ್ನೆ.

ಆ ಮೂರನೆಯ ಪ್ರಶ್ನೆಯ ಉತ್ತರಗಳನ್ನು ನಿಧಾನವಾಗಿ ಓದಬೇಕು. ಕಾದಂಬರಿಯಲ್ಲಿ ಮೂವರು ಹೆಂಗಸರು ಸರದಿಯ ಮೇಲೆ ತಮ್ಮ ಕಥೆ ತಾವೇ ಹೇಳುತ್ತಾರೆ. ರೇಚಲ್ ಕುಡಿದು ನೆನಪು ಕಳೆದುಕೊಳ್ಳುವವಳು, ಅವಳ ಮಾತನ್ನು ಪೂರ್ತಿ ನಂಬುವಂತಿಲ್ಲ ಎಂಬುದು ಓದುಗರಿಗೆ ಬೇಗ ಹೊಳೆಯುತ್ತದೆ, ಅನುಮಾನ ಇಟ್ಟುಕೊಂಡೇ ಪುಟ ತಿರುವುತ್ತಾರೆ. ತೆರೆಯ ಮೇಲೆ ಅದೇ ನೆನಪು ದೃಶ್ಯವಾಗಿ ಬರುತ್ತದೆ. ಕಣ್ಣಾರೆ ಕಂಡದ್ದನ್ನು ಸುಳ್ಳು ಅನ್ನಲು ನಮಗೆ ಮನಸ್ಸು ಬರುವುದಿಲ್ಲ. ಮುಂದೆ ಅದು ನಡೆದದ್ದೇ ಹಾಗಲ್ಲ ಎಂದಾಗ ಓದದವರು "ಸುಳ್ಳು ತೋರಿಸಿದ್ರು" ಎಂದು ಸಿಟ್ಟಾಗುತ್ತಾರೆ, ಓದಿದವರು ಅದೇ ಜಾಗದಲ್ಲಿ "ಮೊದಲ ಸುಳಿವು ಕೊಟ್ಟಬಿಟ್ರು" ಎನ್ನುತ್ತಾರೆ. ಒಂದೇ ದೃಶ್ಯಕ್ಕೆ ಎದುರುಬದುರಾದ ಎರಡು ದೂರು. ಬಿಳಿ ಮತ್ತು ಹಳದಿ ಚೀಟಿಗಳಲ್ಲಿ ಒಂದೇ ದೃಶ್ಯದ ಹೆಸರು ಬಂದಿದೆಯೇ ಎಂದು ಹುಡುಕಿ, ಬಂದಿದ್ದರೆ ವರದಿಯನ್ನು ಅಲ್ಲಿಂದಲೇ ಶುರು ಮಾಡಿ.

ಚರ್ಚೆ

ಎಲ್ಲ ಚೀಟಿ ಡಬ್ಬಿಗೆ ಬಿದ್ದ ಮೇಲೆಯೇ ಬಾಯಿ ಬಿಡಲು ಅವಕಾಶ. ಆರರಿಂದ ಎಂಟು ಜನರ ಗುಂಪು ಮಾಡಿ. ದೊಡ್ಡ ಸಭೆಯಲ್ಲಿ ಮುಂದಿನ ಸಾಲಿನ ಇಬ್ಬರು ಸರ್‌ಗಳು ಮಾತಾಡಿ ಮುಗಿಸುವುದರೊಳಗೆ ಹೊತ್ತಾಗಿರುತ್ತದೆ. ಮಕ್ಕಳಾಗದ ದುಃಖ, ಮನೆಯೊಳಗಿನ ಹಿಂಸೆ, ಕುಡಿತ ಇವೆಲ್ಲ ಕಥೆಯಲ್ಲಿ ಇರುವುದರಿಂದ ಹೆಂಗಸರ ಗುಂಪುಗಳನ್ನು ಅಕ್ಕೋರೇ ನಡೆಸಿದರೆ ಮಾತು ಬರುತ್ತದೆ. ಓದದವರು ಮೊದಲು, ಓದಿದವರು ಕೊನೆಗೆ. ಕ್ರಮ ತಿರುವುಮುರುವಾದರೆ "ಬುಕ್ಕಿನ್ಯಾಗ ಹಿಂಗಿಲ್ಲ" ಎಂಬ ಒಂದು ಮಾತಿಗೆ ಉಳಿದವರು ಸುಮ್ಮನಾಗುತ್ತಾರೆ.

ಬರೆದುಕೊಳ್ಳುವವರು ಬೇರೆಯೇ ಇರಲಿ. "ನೀವ ಹೇಳಿದ್ದ ಬರಕೋಬಹುದೇನ್ರಿ?" ಎಂದು ಕೇಳಿ, ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ. "ಅಕಿ ಕುಡದಿದ್ದಕ್ಕ ಯಾರೂ ನಂಬಲಿಲ್ಲ" ಎಂಬುದನ್ನು "ಮದ್ಯಪಾನದಿಂದ ಪಾತ್ರದ ವಿಶ್ವಾಸಾರ್ಹತೆ ಕುಗ್ಗಿದೆ" ಎಂದು ಮಾಡಿದರೆ ಮಾತಿನಲ್ಲಿದ್ದ ಕನಿಕರ ಹೋಗಿಬಿಡುತ್ತದೆ. ಇನ್ನೊಂದು ಎಚ್ಚರ: "ಹೆಣ್ಮಗಳಾಗಿ ಹಿಂಗ ಕುಡಿಯೂದಾ?" ಎಂಬುದು ಪಾತ್ರದ ಮೇಲಿನ ತೀರ್ಪು, ಚಿತ್ರದ ಮೇಲಿನದ್ದಲ್ಲ. ಎರಡಕ್ಕೂ ಬೇರೆ ಕಾಲಮ್ಮು ಹಾಕಿ. ರೇಚಲ್‌ಳನ್ನು ಬೈದವರೇ ಚಿತ್ರಕ್ಕೆ ಮೇಲಿನ ದರ್ಜೆ ಕೊಟ್ಟಿರುವುದುಂಟು.

ಲೆಕ್ಕ ಮತ್ತು ವರದಿ

52 ಚೀಟಿ ಬಂದವು ಎಂದುಕೊಳ್ಳಿ: ಹಳದಿ 13, ಬಿಳಿ 31, ಗುಲಾಬಿ 8. ಮೇಲಿನ ಎರಡು ದರ್ಜೆ ಕೊಟ್ಟವರು ಹಳದಿಯಲ್ಲಿ 4, ಬಿಳಿಯಲ್ಲಿ 21. ಎರಡನ್ನೂ ಕೂಡಿಸಿ ಶೇ 57 ಎಂದು ಬರೆದರೆ ಸಪ್ಪೆ ಫಲಿತಾಂಶ. "ಓದಿದ 13 ಜನರಲ್ಲಿ 4, ಓದದ 31 ಜನರಲ್ಲಿ 21" ಎಂದರೆ ವಿಷಯ ಮುಂದೆ ಬಂತು. ಇಷ್ಟು ಸಣ್ಣ ಗುಂಪಿಗೆ ಶೇಕಡಾ ಲೆಕ್ಕವೇ ಬೇಡ, ಒಬ್ಬರು ಹೆಚ್ಚು ಕಡಿಮೆಯಾದರೂ ಏಳೆಂಟು ಅಂಕ ಹಾರುತ್ತದೆ. ವಿಜಯಪುರದ ಪ್ರೇಕ್ಷಕರ ಅಭಿಪ್ರಾಯ ಎಂದೂ ಬರೆಯಬೇಡಿ, ಆ ದಿನ ಆ ಕೋಣೆಯಲ್ಲಿ ಕೂತವರದ್ದು ಅಷ್ಟೇ.

ಮುಂದೆ ಬಿಳಿ ಚೀಟಿಗಳ ಎರಡೂ ಬದಿ ಕೂಡಿಸಿ ನೋಡಿ. ಇಂಟರ್‌ವಲ್‌ನಲ್ಲೇ ಸರಿಯಾದ ಹೆಸರಿಗೆ ಗುರುತು ಹಾಕಿ ಖಾತ್ರಿ 4 ಎಂದವರು ಯಾವ ದರ್ಜೆ ಕೊಟ್ಟರು? ಕೆಳಗಿನ ದರ್ಜೆ ಇದ್ದರೆ ಸಸ್ಪೆನ್ಸ್ ಬೇಗ ಒಡೆದದ್ದು ಕಾರಣವಿರಬಹುದು. ಮೇಲಿನ ದರ್ಜೆ ಇದ್ದರೆ ಅವರ ಎರಡನೆಯ ಉತ್ತರ, ನೆನಪಿನಲ್ಲಿ ಉಳಿದ ದೃಶ್ಯ, ನೋಡಿ. ಅಪರಾಧಿ ಗೊತ್ತಾದ ಮೇಲೂ ಅವರನ್ನು ಹಿಡಿದು ಕೂರಿಸಿದ್ದು ಏನೆಂದು ಅಲ್ಲಿ ಸಿಗುತ್ತದೆ. ಸಬ್‌ಟೈಟಲ್ ಓದಲಾಗಲಿಲ್ಲ ಎಂದವರ ಚೀಟಿಗಳನ್ನು ಈ ಲೆಕ್ಕದಿಂದ ಹೊರಗಿಡಿ, ಎಷ್ಟು ಇಟ್ಟಿರಿ ಎಂದು ಮಾತ್ರ ವರದಿಯಲ್ಲಿ ಹೇಳಿ.

ವರದಿ ಎರಡು ಪುಟ ಮೀರುವುದು ಬೇಡ. ಅಪರಾಧಿಯ ಹೆಸರು ಎಲ್ಲಿಯೂ ಬರಬಾರದು, ಊಹೆಯ ಲೆಕ್ಕ ಕೊಡುವಾಗ "ಸರಿಯಾಗಿ ಊಹಿಸಿದವರು" ಎಂದರೆ ಸಾಕು. ಖಾಲಿ ಬಂದ ಚೀಟಿ ಎಷ್ಟು, ಮುಂದಿನ ಬದಿ ಮಾತ್ರ ತುಂಬಿ ಎದ್ದುಹೋದವರು ಎಷ್ಟು ಎಂಬುದನ್ನೂ ಬರೆಯಿರಿ. ಹಿಂದಿನ ಬದಿ ಖಾಲಿ ಇರುವ ಚೀಟಿಗಳಲ್ಲಿ ಬಿಳಿಯವೇ ಹೆಚ್ಚಿದ್ದರೆ, ಬಸ್ಸಿನ ಸಮಯ ನೋಡಿ, ಆಮೇಲೆ ಪಿಕ್ಚರ್ ಮೇಲೆ ತಪ್ಪು ಹಾಕಿ.