ಅಲಿಯಾಸ್ ಎಲ್ಲಿ ಸಾಕು, ಫಂಕ್ಷನ್ ಎಲ್ಲಿ ಬೇಕು?

ಟರ್ಮಿನಲ್‌ನಲ್ಲಿ ದಿನಾ ಅದೇ ಉದ್ದನೆಯ ಕಮಾಂಡ್ ಬಡಿಯುವವರನ್ನು ನೋಡಿದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಅಲಿಯಾಸ್ (ಉದ್ದ ಕಮಾಂಡಿಗೆ ಇಡುವ ಗಿಡ್ಡ ಹೆಸರು) ಬರೆದು, ಅದು ಕೆಲಸ ಮಾಡದೆ, ಬೇಸತ್ತು ಬಿಟ್ಟವರನ್ನು ಕಂಡರೆ ಇನ್ನೂ ಜಾಸ್ತಿ ಸಂಕಟ. ಕಲಬುರಗಿಯಲ್ಲಿ ನಾನು ಲಿನಕ್ಸ್ ಹೇಳಿಕೊಡುವ ಹುಡುಗರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಇವತ್ತು ಅಲ್ಲೇ ಹೆಚ್ಚು ಹೊತ್ತು ನಿಲ್ಲೋಣ.

ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಚಿಹ್ನೆಗಳನ್ನು ಮಾತ್ರ ಇದ್ದ ಹಾಗೇ ಹಾಕಿ.

ಮೊದಲ ಹೆಜ್ಜೆ ಸುಲಭ. ಮನೆ ಫೋಲ್ಡರ್‌ನಲ್ಲಿರುವ .ಬ್ಯಾಶ್‌ಆರ್‌ಸಿ ಫೈಲನ್ನು (ಟರ್ಮಿನಲ್ ತೆರೆದಾಗ ಓದಲ್ಪಡುವ ಸೆಟ್ಟಿಂಗ್ ಫೈಲು ಇದು) ನ್ಯಾನೊ ಎಂಬ ಎಡಿಟರ್‌ನಲ್ಲಿ ತೆರೆದು, ಕೊನೆಗೆ ಈ ಎರಡು ಸಾಲು ಸೇರಿಸಿ:

ಅಲಿಯಾಸ್ ಪಟ್ಟಿ='ಎಲ್‌ಎಸ್ -ಎಲ್‌ಎಚ್'
ಅಲಿಯಾಸ್ ಗಂಜ್='ಸಿಡಿ ~/ಗಂಜ್'

ಸಮ ಚಿಹ್ನೆಯ ಆಚೀಚೆ ಜಾಗ ಬಿಡಬೇಡಿ. ಉಳಿಸಿ, ಫೈಲನ್ನು ಮತ್ತೆ ಓದಿಸಲು ಸೋರ್ಸ್ ~/.ಬ್ಯಾಶ್‌ಆರ್‌ಸಿ ಅಂತ ಕೊಟ್ಟರೆ ಮುಗಿಯಿತು. ವರ್ಡ್ ತರಹದ ಪ್ರೋಗ್ರಾಮಿನಲ್ಲಿ ಮಾತ್ರ ಬರೆಯಲೇಬೇಡಿ, ಪಿಡಿಎಫ್ ನೋಟ್ಸ್‌ನಿಂದ ಕಾಪಿ ಮಾಡಿ ಅಂಟಿಸಲೂಬೇಡಿ. ಅಲ್ಲಿ ನೆಟ್ಟಗಿನ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿ ಬದಲಾಗಿರುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಶೆಲ್‌ಗೆ, ಅಂದರೆ ನಿಮ್ಮ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮಿಗೆ, ಬೇರೆ ಬೇರೆ. ಈ ಒಂದು ಚಿಹ್ನೆ ಹುಡುಕುತ್ತಾ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ.

ಈಗ ಎಡವುವ ಜಾಗಕ್ಕೆ ಬರೋಣ. ನಮ್ಮ ಅಕ್ಕನ ಮಗ ನೆಹರು ಗಂಜ್‌ನ ಒಂದು ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ತೊಗರಿ ಯಾವ ಊರಿನಿಂದ ಬಂತು, ಎಷ್ಟು ಚೀಲ, ಏನು ಧಾರಣೆ, ಎಲ್ಲವೂ 'ಲೆಕ್ಕ' ಎಂಬ ಒಂದೇ ಫೈಲಿನಲ್ಲಿ ಸಾಲುಸಾಲಾಗಿ ಇರುತ್ತದೆ. ಊರಿನ ಹೆಸರು ಕೊಟ್ಟರೆ ಅದರ ಸಾಲುಗಳಷ್ಟೇ ಬರಬೇಕು ಅಂತ ಅವನು, ಫೈಲಿನಲ್ಲಿ ಪದ ಹುಡುಕುವ ಗ್ರೆಪ್ ಕಮಾಂಡ್ ಬಳಸಿ, ಕೊಟ್ಟ ಮೊದಲ ಪದ $1ರಲ್ಲಿ ಬರುತ್ತದೆ ಅಂದುಕೊಂಡು ಹೀಗೆ ಬರೆದಿದ್ದ:

ಅಲಿಯಾಸ್ ಹುಡುಕು='ಗ್ರೆಪ್ -ಐ $1 ಲೆಕ್ಕ'

ಹುಡುಕು ಆಳಂದ ಅಂತ ಹೊಡೆದು, "ಮಾಮಾ, ಆಳಂದ ಅನ್ನೋ ಫೈಲೇ ಇಲ್ಲ ಅಂತದ ನೋಡ್ರಿ" ಅಂದ. ಕಂಪ್ಯೂಟರ್ ಹೇಳಿದ್ದು ಸರಿಯಾಗಿಯೇ ಇತ್ತು. ಅಲಿಯಾಸ್ ಅಂದರೆ ಬರೀ ಅಕ್ಷರ ಬದಲಿಸುವ ಕೆಲಸ. ಸಾಲಿನ ಮೊದಲ ಪದ ತೆಗೆದು, ಆ ಜಾಗದಲ್ಲಿ ನೀವು ಬರೆದಿಟ್ಟಿದ್ದನ್ನು ಶೆಲ್ ಕೂರಿಸುತ್ತದೆ, ಅಷ್ಟೇ. ನೀವು ಕೊಟ್ಟ 'ಆಳಂದ' $1ರ ಒಳಗೆ ಹೋಗುವುದೇ ಇಲ್ಲ, ಬಾಲದಲ್ಲಿ ಉಳಿಯುತ್ತದೆ. $1 ಖಾಲಿ ಇರುವುದರಿಂದ ಮಾಯವಾಗುತ್ತದೆ. ಕೊನೆಗೆ ಓಡುವುದು ಗ್ರೆಪ್ -ಐ ಲೆಕ್ಕ ಆಳಂದ. ಅಂದರೆ 'ಆಳಂದ' ಎಂಬ ಫೈಲಿನಲ್ಲಿ 'ಲೆಕ್ಕ' ಎಂಬ ಪದ ಹುಡುಕು ಅಂತ. ಇಲ್ಲ ಅನ್ನದೆ ಇನ್ನೇನು ಅಂದೀತು?

ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್‌ನ ಅಲಿಯಾಸ್‌ಗಳಿಗೆ ಹೀಗೆ ಮಧ್ಯದಲ್ಲಿ ಮಾತು ತೂರಿಸುವ ದಾರಿ ಇತ್ತು. 1989ರಲ್ಲಿ ಬ್ರಯಾನ್ ಫಾಕ್ಸ್ ಹೊರತಂದ, ನಾವಿಲ್ಲಿ ಬಳಸುತ್ತಿರುವ ಶೆಲ್ ಆದ ಬ್ಯಾಶ್‌ನಲ್ಲಿ ಅದಿಲ್ಲ. ಅದು ಬೇಕಾದರೆ ಫಂಕ್ಷನ್ ಬರೆಯಿರಿ ಅಂತ ಬ್ಯಾಶ್ ಕೈಪಿಡಿಯೇ ಹೇಳುತ್ತದೆ. ಫಂಕ್ಷನ್ ಅಂದರೆ ಒಂದು ಹೆಸರಿಟ್ಟ ಕಮಾಂಡುಗಳ ಗುಂಪು, ಅದರೊಳಗೆ ಕೊಟ್ಟ ಮೊದಲ ಪದ ನಿಜವಾಗಿಯೂ $1ರಲ್ಲಿ ಸಿಗುತ್ತದೆ. ಹಾಗಾಗಿ ನನ್ನ ನಿಯಮ ಇಷ್ಟೇ: ಕೊಡುವ ಪದ ಕೊನೆಯಲ್ಲಿ ಬಂದರೆ ಸಾಕು ಅಂದಾಗ ಅಲಿಯಾಸ್, ಮಧ್ಯದಲ್ಲಿ ಬೇಕು ಅಂದ ಕೂಡಲೇ ಫಂಕ್ಷನ್.

ಹುಡುಕು() {
ಗ್ರೆಪ್ -ಐ "$1" ~/ಗಂಜ್/ಲೆಕ್ಕ
}

ಆರಂಭದ { ಬ್ರಾಕೆಟ್ ಆದಮೇಲೆ ಜಾಗ ಅಥವಾ ಹೊಸ ಸಾಲು ಬೇಕೇ ಬೇಕು. ಇಡೀ ಫಂಕ್ಷನ್ ಒಂದೇ ಸಾಲಲ್ಲಿ ಬರೆದರೆ ಮುಚ್ಚುವ ಬ್ರಾಕೆಟ್‌ಗೆ ಮೊದಲು ; ಹಾಕಿ. ಇಷ್ಟಾದರೂ '(' ಹತ್ತಿರ ಸಿಂಟ್ಯಾಕ್ಸ್ ಎರರ್ ಅಂತ ಬಂದರೆ ಗಾಬರಿ ಬೇಡ, ಹಳೆಯ ಅಲಿಯಾಸ್ ಇನ್ನೂ ಜೀವಂತ ಇದೆ ಅಂತ ಅರ್ಥ. ಫೈಲಿನಿಂದ ಆ ಸಾಲು ಅಳಿಸಿ ಮತ್ತೆ ಸೋರ್ಸ್ ಮಾಡಿದರೂ ತೆರೆದಿರುವ ಟರ್ಮಿನಲ್ ಅದನ್ನು ಮರೆಯುವುದಿಲ್ಲ, ಹೊಸ ಫಂಕ್ಷನ್‌ನ ಹೆಸರನ್ನೇ ಅಲಿಯಾಸ್ ಅಂದುಕೊಂಡು ಬಿಡಿಸಿಬಿಡುತ್ತದೆ. ಅನ್‌ಅಲಿಯಾಸ್ ಹುಡುಕು ಅಂತ ಹೊಡೆದು ಆಮೇಲೆ ಸೋರ್ಸ್ ಮಾಡಿ.

$1ರ ಸುತ್ತ ಎರಡೆಳೆಯ ಉದ್ಧರಣ ಚಿಹ್ನೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಆಳಂದಕ್ಕೆ ಅದು ಇಲ್ಲದೆಯೂ ನಡೆಯುತ್ತದೆ. ಆದರೆ ಹುಡುಕು "ಮಾದನ ಹಿಪ್ಪರಗಾ" ಅಂತ ಕೊಟ್ಟು ನೋಡಿ. ಫಂಕ್ಷನ್ ಒಳಗೆ ಚಿಹ್ನೆ ಇಲ್ಲದಿದ್ದರೆ ಊರು ಎರಡು ತುಂಡಾಗುತ್ತದೆ. 'ಮಾದನ' ಹುಡುಕುವ ಪದ ಆಗುತ್ತದೆ, 'ಹಿಪ್ಪರಗಾ' ಫೈಲಿನ ಹೆಸರಾಗುತ್ತದೆ. ಇನ್ನು ಕರೆಯುವಾಗಲೇ ಚಿಹ್ನೆ ಹಾಕಲು ಮರೆತರೆ $1ರಲ್ಲಿ ಬರೀ 'ಮಾದನ' ಬಂದು ಕೂರುತ್ತದೆ, ಉಳಿದದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ, ಎರರ್ ಕೂಡ ಬರುವುದಿಲ್ಲ. ಅದಕ್ಕೇ ಹುಡುಕುವ ಕೆಲಸಕ್ಕೆ ನಾನು "$*" ಹಾಕುತ್ತೇನೆ. ಕೊಟ್ಟ ಪದಗಳನ್ನೆಲ್ಲ ಅದು ಒಂದೇ ಮಾತಾಗಿ ಜೋಡಿಸುತ್ತದೆ.

ಫೈಲುಗಳ ವಿಷಯದಲ್ಲಿ ಮಾತ್ರ ಹಾಗೆ ಮಾಡಬೇಡಿ. ಹತ್ತು ಫೈಲನ್ನು ಒಟ್ಟಿಗೆ ಇನ್ನೊಂದು ಕಡೆ ನಕಲು ಮಾಡುವ ಫಂಕ್ಷನ್ ಆದರೆ ಸಿಪಿ "$@" ~/ಪ್ರತಿ/ ಅಂತಲೇ ಬರೆಯಿರಿ. "$@" ಪ್ರತಿ ಹೆಸರನ್ನೂ ಬೇರೆ ಬೇರೆಯಾಗಿ, ಹೆಸರಿನ ಮಧ್ಯೆ ಜಾಗ ಇದ್ದರೂ ಮುರಿಯದೆ ದಾಟಿಸುತ್ತದೆ. "$*" ಹಾಕಿದರೆ ಹತ್ತೂ ಸೇರಿ ಒಂದೇ ಉದ್ದ ಹೆಸರಾಗಿಬಿಡುತ್ತವೆ.

ಏನೂ ಕೊಡದೆ ಬರೀ ಹುಡುಕು ಅಂದರೆ? ಖಾಲಿ ಪದ ಎಲ್ಲ ಸಾಲಿಗೂ ಹೊಂದುತ್ತದೆ, ಇಡೀ ಲೆಕ್ಕವೇ ಪರದೆ ಮೇಲೆ ಸುರಿಯುತ್ತದೆ. ಇದರಿಂದ ನಷ್ಟವಿಲ್ಲ. ಆದರೆ ಕೇಳದೆ ಎಲ್ಲ ಅಳಿಸುವ ಆರ್‌ಎಂ -ಆರ್‌ಎಫ್ ಅನ್ನು ಆರ್‌ಎಂ -ಆರ್‌ಎಫ್ "$1"/* ಅಂತ ಬರೆದ ಫಂಕ್ಷನ್‌ಗೆ ಏನೂ ಕೊಡದಿದ್ದರೆ ಅದು ಬರೀ /* ಆಗುತ್ತದೆ, ಡಿಸ್ಕಿನ ಬುಡಕ್ಕೇ ಕೈ ಹಾಕುತ್ತದೆ. ಆದ್ದರಿಂದ ಕಾವಲು ಮೊದಲು ($# ಅಂದರೆ ಕೊಟ್ಟ ಪದಗಳ ಎಣಿಕೆ):

ಹುಡುಕು() {
ಇಫ್ [ $# -ಇಕ್ಯು 0 ]; ದೆನ್
ಎಕೋ "ಊರಿನ ಹೆಸರು ಕೊಡಿ"
ರಿಟರ್ನ್ 1
ಎಫ್‌ಐ
ಗ್ರೆಪ್ -ಐ "$*" ~/ಗಂಜ್/ಲೆಕ್ಕ
}

ರಿಟರ್ನ್ ಜಾಗದಲ್ಲಿ ಎಕ್ಸಿಟ್ ಬರೆಯಬೇಡಿ, ಟರ್ಮಿನಲ್ಲೇ ಮುಚ್ಚಿಹೋಗುತ್ತದೆ.

ಅಂತರ್ಜಾಲದಲ್ಲಿ ಸಿಗುವ 'ನೂರು ಅಲಿಯಾಸ್' ಪಟ್ಟಿಗಳನ್ನು ಹಾಗೇ ತಂದು ಸುರಿಯಬೇಡಿ. ಅದರಲ್ಲೂ ಆರ್‌ಎಂ ಅನ್ನು 'ಆರ್‌ಎಂ -ಐ' ಮಾಡುವ ಅಲಿಯಾಸ್ ನನಗೆ ಸ್ವಲ್ಪವೂ ಇಷ್ಟವಿಲ್ಲ. ಅಳಿಸಲಾ ಅಂತ ಕಂಪ್ಯೂಟರ್ ಕೇಳುತ್ತದೆ ಎಂಬ ಧೈರ್ಯ ಕೈಗೆ ಅಂಟಿಕೊಳ್ಳುತ್ತದೆ, ಆ ಅಲಿಯಾಸ್ ಇಲ್ಲದ ಸರ್ವರ್‌ಗೆ ಹೋದ ದಿನ ಅದು ಕೇಳುವುದಿಲ್ಲ.

ಕೊನೆಯದು ಸ್ಕ್ರಿಪ್ಟ್, ಅಂದರೆ ಕಮಾಂಡುಗಳನ್ನು ಬರೆದಿಟ್ಟು ಓಡಿಸುವ ಫೈಲು. ಟರ್ಮಿನಲ್‌ನಲ್ಲಿ ಓಡಿದ 'ಪಟ್ಟಿ' ಸ್ಕ್ರಿಪ್ಟಿನಲ್ಲಿ 'ಕಮಾಂಡ್ ನಾಟ್ ಫೌಂಡ್' ಅನ್ನುತ್ತದೆ. ಬ್ಯಾಶ್ ಸ್ಕ್ರಿಪ್ಟಿನೊಳಗೆ ಅಲಿಯಾಸ್ ಬಿಡಿಸುವುದಿಲ್ಲ. ಎಕ್ಸ್‌ಪ್ಯಾಂಡ್_ಅಲಿಯಾಸಸ್ ಎಂಬ ಆಯ್ಕೆ ಹಚ್ಚಿ ಓಡಿಸಬಹುದು, ನಾನಂತೂ ಹಚ್ಚುವುದಿಲ್ಲ. ಫಂಕ್ಷನ್‌ಗಳನ್ನೆಲ್ಲ ಒಂದು ಬೇರೆ ಫೈಲಿನಲ್ಲಿ ಇಟ್ಟು, .ಬ್ಯಾಶ್‌ಆರ್‌ಸಿಯಲ್ಲೂ ಸ್ಕ್ರಿಪ್ಟಿನ ತಲೆಯಲ್ಲೂ ಅದನ್ನೇ ಸೋರ್ಸ್ ಮಾಡಿ. ರಾತ್ರಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ಪ್ರೋಗ್ರಾಮ್) ಓಡುವ ಸ್ಕ್ರಿಪ್ಟಿಗೂ ಇದೇ ದಾರಿ, ಯಾಕೆಂದರೆ ಕ್ರಾನ್ ನಿಮ್ಮ .ಬ್ಯಾಶ್‌ಆರ್‌ಸಿ ಓದುವುದೇ ಇಲ್ಲ. ಒಂದು ಹೆಸರು ಈಗ ಅಲಿಯಾಸೋ ಫಂಕ್ಷನ್ನೋ ಅಂತ ಅನುಮಾನ ಬಂದರೆ ಟೈಪ್ ಹುಡುಕು ಅಂತ ಕೇಳಿ. ಫಂಕ್ಷನ್ ಆಗಿದ್ದರೆ ಒಳಗಿನ ಸಾಲುಗಳನ್ನೂ ಸೇರಿಸಿ ತೋರಿಸುತ್ತದೆ.